ಅಕ್ಕನ ಸಂತೆಗೊಂದು ಮಡಚುವ ಮರೆ

ನನ್ನ ಅಕ್ಕ ಸಂತೆಯ ದಿನ ನೀರು ಕುಡಿಯುತ್ತಿರಲಿಲ್ಲ. ಹಿಂದಿನ ರಾತ್ರಿ ಉಂಡೆದ್ದಾಗ ಕುಡಿದ ಒಂದು ಲೋಟವೇ ಕೊನೆ. ಬೆಳಗ್ಗೆ ಬದನೆಕಾಯಿ, ಹುರುಳಿಕಾಯಿ, ಕೊತ್ತಂಬರಿ ಸೊಪ್ಪು ತುಂಬಿದ ಮಂಕರಿಗಳನ್ನು ಬಸ್ಸಿಗೆ ಏರಿಸಿ, ಸಂತೆಯಲ್ಲಿ ತನ್ನ ಜಾಗದಲ್ಲಿ ಚೀಲ ಹಾಸಿ ಕೂತಳೆಂದರೆ ಸಂಜೆ ಮನೆ ಸೇರುವವರೆಗೆ ಗಂಟಲಿಗೆ ಹನಿ ಇಳಿಯುತ್ತಿರಲಿಲ್ಲ. ಕಟ್ಟಿಕೊಂಡು ಹೋದ ರೊಟ್ಟಿಯನ್ನು ಒಣಗೇ ಅಗಿದು ನುಂಗುತ್ತಿದ್ದಳು. ಅವಳ ಪಕ್ಕದವಳೂ ಹಾಗೆ, ಎದುರಿನ ಸಾಲಿನವರೂ ಹಾಗೆ. ಬಿಸಿಲಲ್ಲಿ ಕೂತು ಒಣಗಿದ ಬಾಯಲ್ಲಿ ಕೂಗಿ ಕೂಗಿ ತರಕಾರಿ ಮಾರುವ ಹೆಂಗಸರ ಸಾಲು ಅದು. ಗಂಡಸರು ಮಾತ್ರ ಗಳಿಗೆಗೊಮ್ಮೆ ಟೀ ಕುಡಿದು, ಎದ್ದು ಹೋಗಿ, ಯಾವ ಗೋಡೆ ಕಂಡರೆ ಆ ಗೋಡೆಯ ಮುಂದೆ ನಿಂತು ಬರುತ್ತಿದ್ದರು.

ಹೊಳೆನರಸೀಪುರಕ್ಕೂ ಅರಕಲಗೂಡಿಗೂ ನಡುವೆ ಸೇರುವ ಸಂತೆ. ಊರಿನ ಹೆಸರು ಬೇಡ. ಅದೊಂದೇ ಊರು ಕೆಟ್ಟದ್ದು ಎಂದು ಉಳಿದ ಊರಿನವರು ನೆಮ್ಮದಿಯಾಗಿ ಮಲಗುವುದು ನನಗೆ ಇಷ್ಟವಿಲ್ಲ. ಸಂತೆಮಾಳದ ಮೂಲೆಯಲ್ಲಿ ಶೌಚಾಲಯ ಎಂದು ಬಣ್ಣದಲ್ಲಿ ಬರೆದ ಒಂದು ಕಟ್ಟಡವಿದೆ. ಗೋಡೆಯ ಮೇಲೆ ಸೆರಗು ಹೊದ್ದ ಹೆಂಗಸಿನ ಚಿತ್ರವೂ ಇದೆ. ಬಾಗಿಲಿಗೆ ಬೀಗವೂ ಇದೆ. ಕೇಳಿದರೆ ನೀರಿನ ಕನೆಕ್ಷನ್ ಆಗಿಲ್ಲ ಎನ್ನುತ್ತಾರೆ. ಆ ಕಟ್ಟಡದ ಹಿಂದೆ ಒಂದು ಮೋರಿ, ಮೋರಿಯ ಪಕ್ಕ ಲಂಟಾನ ಪೊದೆ ಇತ್ತು. ಹೆಂಗಸರಿಗೆ ಆ ಪೊದೆಯೇ ಗತಿಯಾಗಿತ್ತು. ಒಂದು ಸಲ ಅದನ್ನೂ ಕಡಿದು ಬೈಕು ನಿಲ್ಲಿಸುವ ಜಾಗ ಮಾಡಿದರು. ಅದರಾಚೆಗೆ ಟೀ ಅಂಗಡಿ ಬಂತು. ಅಂಗಡಿಯ ಬೆಂಚು ನೆಟ್ಟಗೆ ಮೋರಿಯ ಕಡೆಗೇ ಮುಖ ಮಾಡಿ ಕೂತಿತು.

ಆಮೇಲೆ ಹೆಂಗಸರು ಸೀರೆ ಹಿಡಿಯಲು ಶುರುಮಾಡಿದರು. ಹಳೇ ಸೀರೆಯ ಎರಡು ತುದಿಯನ್ನು ಇಬ್ಬರು ಹಿಡಿದು ನಿಲ್ಲಬೇಕು, ಒಬ್ಬಳು ಕೂರಬೇಕು, ಮತ್ತೊಬ್ಬಳು ಅಷ್ಟೂ ಜನರ ಮಂಕರಿ ಕಾಯಬೇಕು. ಗಾಳಿ ಬಂದರೆ ಸೀರೆ ಹಾರುತ್ತದೆ. ಬೆಂಚಿನ ಮೇಲಿನ ಗಂಡಸರು ಕಿಸಕ್ಕೆನ್ನುತ್ತಾರೆ. ಹೀಗೆ ಊರೊಟ್ಟು ಏಳಿಸಿಕೊಂಡು ಹೋಗುವ ಬದಲು ಬಾಯಿ ಕಟ್ಟುವುದೇ ವಾಸಿ ಎಂದು ಅಕ್ಕ ತೀರ್ಮಾನಿಸಿದ್ದಳು.

ಬಾಯಿ ಕಟ್ಟಿದ್ದರ ಫಲ ಒಂದು ದಿನ ಹಾಸನದ ಆಸ್ಪತ್ರೆಗೆ ಕರೆದೊಯ್ಯಿತು. ಜ್ವರ, ಸೊಂಟದಲ್ಲಿ ಸೂಜಿ ಚುಚ್ಚಿದಂಥ ನೋವು, ಉರಿ. ಅದಾಗಲೇ ಎಷ್ಟನೆಯ ಸಲವೋ. ಮೂತ್ರಪಿಂಡದಲ್ಲಿ ಕಲ್ಲು ಎಂದರು. ಡಾಕ್ಟರಮ್ಮ ಮುಖ ಗಂಟಿಕ್ಕಿ ಕೇಳಿದರು, "ನೀರು ಕುಡಿಯೋದೇ ಇಲ್ವಾ ನೀವು?" ಕಾರಣವನ್ನು ನಾನು ಹೇಳಿದೆ. ಅವರು ಬರೆಯುವುದನ್ನು ನಿಲ್ಲಿಸಿ, "ಹಾಗಾದ್ರೆ ಸಂತೆಗೆ ಹೋಗೋದು ಬಿಡ್ಬೇಕಾಗತ್ತೆ. ಇನ್ನೊಂದು ಸಲ ಹಿಂಗೆ ಬಂದ್ರೆ ಕಿಡ್ನಿಗೇ ಕುತ್ತು" ಎಂದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಅಕ್ಕ ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಹರದನಹಳ್ಳಿ ದಾಟಿದ ಮೇಲೆ ಬಾಯಿಬಿಟ್ಟಳು.

"ಸಂತೆ ಬುಡು ಅಂದ್ರೆ ಎಂಗಮ್ಮಿ ಬುಡಾದು?"

"ಜೀವಕ್ಕಿಂತ ಸಂತೆ ಹೆಚ್ಚಾ ಅಕ್ಕ?"

"ಜೀವ ಅಲ್ಲೇ ಅಲ್ವಾ ಇರಾದು ನಂದು. ಮನೇಲಿ ಸಾರಿಗೆ ಉಪ್ಪು ಆಕ್ಬೇಕಾದ್ರೂ ನಮ್ಮತ್ತೆ ಮಕ ನೋಡ್ಬೇಕು. ಸಂತೇಲಿ ನಾನು ಏಳಿದ್ದೇ ರೇಟು. ಬತ್ತೀಯಾ ಬಾ, ಓದ್ರೆ ಓಗು ಅಂತ ಒಂದ್ ಮಾತ ಅನ್ನಕ್ಕೆ ಇನ್ನೆಲ್ಲಿ ಅದೆ ನಂಗೆ ಜಾಗ?"

ಭಾವನಿಗೆ ವಿಷಯ ಗೊತ್ತಾದಾಗ ಒಳಗೊಳಗೇ ಖುಷಿಯಾಯಿತೆಂದು ನನಗೆ ಈಗಲೂ ಅನುಮಾನ. "ಡಾಕ್ಟ್ರೇ ಏಳವ್ರಲ್ಲ, ಮನೇಲಿ ಬಿದ್ಕಳ್ಳಿ ಬುಡು" ಎಂದು, ಸಂತೆಯ ಮಂಕರಿಗಳನ್ನು ಅಟ್ಟಕ್ಕೆ ಏರಿಸಲು ಹೊರಟಿದ್ದ. ಅಕ್ಕ ಏಣಿಯನ್ನೇ ಎತ್ತಿಕೊಂಡು ಹೋಗಿ ಕೊಟ್ಟಿಗೆಯಲ್ಲಿ ಇಟ್ಟಳು. ಆದರೆ ಏಣಿ ಬಚ್ಚಿಟ್ಟರೆ ಎಷ್ಟು ದಿನ ನಡೆದೀತು? ಅವಳಿಗೆ ನೀರು ಬೇಕು, ಸಂತೆಯೂ ಬೇಕು. ಎರಡನ್ನೂ ಒಟ್ಟಿಗೆ ಕೊಡುವ ದಾರಿ ನಮ್ಮಿಬ್ಬರಿಗೂ ಕಾಣಲಿಲ್ಲ.

ಇಂಥ ಹೊತ್ತಿನಲ್ಲೇ ನನ್ನನ್ನು ಕಾಗದ ಮಡಚುವುದನ್ನು ಕಲಿಯಲು ಕಳಿಸಿದರು.

ನಾನು ಹೊಳೆನರಸೀಪುರದ ಒಂದು ಹೈಸ್ಕೂಲಿನಲ್ಲಿ ಚಿತ್ರಕಲೆ ಟೀಚರ್. ರಜೆಯಲ್ಲಿ ಹಾಸನದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಚಿತ್ರಕಲೆಯ ಮೇಷ್ಟ್ರುಗಳಿಗೆಲ್ಲ ತರಬೇತಿ, ಕಾಗದದ ಮಡಿಕೆಯಿಂದ ವಿನ್ಯಾಸ ಮಾಡುವುದನ್ನು ಹೇಳಿಕೊಡುತ್ತಾರೆ, ಹೋಗಲೇಬೇಕು ಎಂದರು. ಅಕ್ಕ ಅಲ್ಲಿ ಸೊಂಟ ಹಿಡಿದುಕೊಂಡು ನರಳುತ್ತಿದ್ದಾಳೆ, ಇಲ್ಲಿ ನಾನು ದೋಣಿ, ಕೊಕ್ಕರೆ ಮಾಡುತ್ತ ಕೂರಬೇಕೆ ಎಂದು ಕುದಿಯುತ್ತಲೇ ಹೋದೆ. ಕೊನೆಯ ಬೆಂಚಿನಲ್ಲಿ ಕೂತೆ. ಪಕ್ಕದಲ್ಲಿ ಅರಕಲಗೂಡು ಕಡೆಯ ಒಬ್ಬರು ಹಿರಿಯ ಡ್ರಾಯಿಂಗ್ ಮೇಷ್ಟ್ರು, ನಿವೃತ್ತಿಯ ಅಂಚಿನಲ್ಲಿದ್ದವರು, ಆಗಲೇ ತೂಕಡಿಕೆ ಶುರುಮಾಡಿದ್ದರು.

ಹೇಳಿಕೊಡಲು ಬಂದವರು ಮೆಕ್ಯಾನಿಕಲ್ ವಿಭಾಗದ ಒಬ್ಬ ಯುವ ಉಪನ್ಯಾಸಕಿ. ಕೊಕ್ಕರೆ ಇಲ್ಲ, ದೋಣಿ ಇಲ್ಲ. ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟು, ಗೆರೆ ಎಳೆಸಿ, ಆ ಗೆರೆಗಳ ಮೇಲೆ ಮಡಚಿ ಬಿಡಿಸಿ, ಮಡಚಿ ಬಿಡಿಸಿ, ಊಟದ ಹೊತ್ತಿನವರೆಗೂ ಅದನ್ನೇ ಮಾಡಿಸಿದರು. ಉಗುರಿನ ತುದಿ ಬಿಸಿಯಾಯಿತು. ಮೇಲೆ ಏಳುವ ಮಡಿಕೆಗೆ ಬೆಟ್ಟ ಎಂದೂ ಒಳಗೆ ಇಳಿಯುವ ಮಡಿಕೆಗೆ ಕಣಿವೆ ಎಂದೂ ಅವರು ಹೆಸರು ಹೇಳಿದರು. ನಾಲ್ಕು ಗೆರೆ ಒಂದು ಚುಕ್ಕಿಯಲ್ಲಿ ಕೂಡಿದರೆ ಅದರಲ್ಲಿ ಮೂರು ಬೆಟ್ಟ ಒಂದು ಕಣಿವೆ ಇರಬೇಕು, ಇಲ್ಲವೇ ಮೂರು ಕಣಿವೆ ಒಂದು ಬೆಟ್ಟ. ಎರಡಕ್ಕೆ ಎರಡು ಸಮ ಮಾಡಿದರೆ ಹಾಳೆ ಚಪ್ಪಟೆಯಾಗಿ ಮಡಚುವುದೇ ಇಲ್ಲ, ಮಾಡಿ ನೋಡಿ ಎಂದರು. ಮಾಡಿ ನೋಡಿದೆವು. ನಿಜವಾಗಿಯೂ ಮಡಚಲಿಲ್ಲ, ಮಧ್ಯೆ ಗೂನು ಎದ್ದು ನಿಂತಿತು.

ತೂಕಡಿಸುತ್ತಿದ್ದ ಮೇಷ್ಟ್ರಿಗೆ ಎಚ್ಚರವಾಯಿತು. "ಅಲ್ಲಾ ಮೇಡಂ, ಇದು ನಮ್ಮನೆ ಅಡಿಗೆಮನೆ ಇದ್ದಂಗದಲ್ಲ. ಅತ್ತೆ ಸೊಸೆ ಇಬ್ರದೂ ಸಮ ನಡೆದ್ರೆ ಅದು ಯಾವತ್ತೂ ಮಡಚಾಕಿಲ್ಲ" ಎಂದರು. ನಗು ಎದ್ದಿತು. ನಾನೂ ಆ ದಿನ ಮೊದಲ ಸಲ ನಕ್ಕೆ.

ಮಧ್ಯಾಹ್ನ ಆಕೆ ತಾವು ಮೊದಲೇ ಮಡಚಿ ತಂದಿದ್ದ ಒಂದು ಹಾಳೆಯನ್ನು ತೋರಿಸಿದರು. ಅಂಗೈಯಲ್ಲಿ ಹಿಡಿಸುವ ಒಂದು ಕಟ್ಟು. ಎದುರುಬದುರಿನ ಎರಡು ಮೂಲೆ ಹಿಡಿದು ಮೆಲ್ಲಗೆ ಎಳೆದರು. ಒಂದೇ ಎಳೆತಕ್ಕೆ ಅಷ್ಟೂ ಹಾಳೆ ಒಟ್ಟಿಗೆ ಅರಳಿತು. ಒಂದು ಮಡಿಕೆಯನ್ನೂ ಬೇರೆಯಾಗಿ ಬಿಡಿಸಬೇಕಾಗಲಿಲ್ಲ. ತಳ್ಳಿದರೆ ಮತ್ತೆ ಅಂಗೈಯೊಳಗೆ ಸೇರಿಕೊಂಡಿತು. ಆಕಾಶಕ್ಕೆ ಕಳಿಸುವ ಉಪಗ್ರಹದ ಸೌರಫಲಕಗಳನ್ನು ಹೀಗೆ ಮಡಚಿ ಒಯ್ಯುವ ಉಪಾಯವೂ ಇದೆಯೆಂದು ವಿವರಿಸುತ್ತಿದ್ದರು. ನನಗೆ ಆಕಾಶ ಕಾಣಲಿಲ್ಲ. ಮೋರಿ ಕಂಡಿತು, ಟೀ ಅಂಗಡಿಯ ಬೆಂಚು ಕಂಡಿತು. ಒಬ್ಬಳೇ ಹೆಂಗಸು, ಯಾರನ್ನೂ ಏಳಿಸದೆ, ಎರಡು ಕೈಯಲ್ಲಿ ಎಳೆದು ನಿಲ್ಲಿಸಿಕೊಳ್ಳಬಹುದಾದ ಒಂದು ಮರೆ ಕಂಡಿತು.

ಎದ್ದು ನಿಂತು ಕೇಳಿದೆ, "ಮೇಡಂ, ಇದನ್ನ ನೆಲದ ಮೇಲೆ ಗೋಡೆ ತರ ನಿಲ್ಲಿಸ್ಬೋದಾ?"

"ನಿಲ್ಲಿಸ್ಬೋದು. ಏನಕ್ಕೆ ಬೇಕು ನಿಮಗೆ?"

ವಿಭಾಗದ ಮುಖ್ಯಸ್ಥರು ಮುಂದಿನ ಸಾಲಿನಲ್ಲಿ ಕೂತಿದ್ದರು. ಗಂಡಸರೇ ಹೆಚ್ಚಿದ್ದ ಸಭೆ. ಸಭ್ಯವಾದ ಮಾತು ಹುಡುಕಿದೆ, ಸಿಗಲಿಲ್ಲ. ಹುಡುಕಬೇಕಾಗಿ ಬಂದದ್ದಕ್ಕೇ ಸಿಟ್ಟು ನೆತ್ತಿಗೇರಿತು.

"ನಮ್ಮಕ್ಕ ಸಂತೇಲಿ ಉಚ್ಚೆ ಹುಯ್ಯೋದಕ್ಕೆ" ಎಂದೆ.

ಕೆಲವರು ಫ್ಯಾನು ನೋಡಿದರು, ಕೆಲವರು ತಮ್ಮ ಹಾಳೆಯ ಮೂಲೆಯನ್ನು ಮತ್ತೆ ತೀಡಿದರು. ಮುಖ್ಯಸ್ಥರು ಕೆಮ್ಮಿದರು. ಅರಕಲಗೂಡಿನ ಮೇಷ್ಟ್ರು ಮಾತ್ರ ನನ್ನ ಸೆರಗಿನ ತುದಿ ಜಗ್ಗಿ, "ಸರಿಯಾಗ್ ಕೇಳ್ದೆ ಕಣವ್ವ. ನಮ್ಮನೆಯವ್ಳೂ ಜಾತ್ರೆ ಮದುವೆ ಅಂದ್ರೆ ನೀರ್ ಮುಟ್ಟಲ್ಲ" ಎಂದು ಪಿಸುಗುಟ್ಟಿದರು. ಉಪನ್ಯಾಸಕಿ ಕೈಯಲ್ಲಿದ್ದ ಹಾಳೆಯನ್ನು ಮೇಜಿನ ಮೇಲಿಟ್ಟು, ಬೋರ್ಡು ಒರೆಸಿ, ಎದೆಮಟ್ಟದ ಎತ್ತರಕ್ಕೆ ಒಂದು ಗೆರೆ ಎಳೆದರು. "ಗಾಳಿ ಯಾವ ಕಡೆಯಿಂದ ಬರತ್ತೆ ಅಲ್ಲಿ?" ಎಂದು ಕೇಳಿದರು. ಅವರ ಮೇಲೆ ನನಗೆ ಹುಟ್ಟಿದ ಗೌರವ ಇವತ್ತಿಗೂ ಕರಗಿಲ್ಲ.

ಬರೀ ಬೀಸಣಿಗೆಯ ಹಾಗೆ ಉದ್ದುದ್ದ ಮಡಚಿದ ಹಾಳೆ ನಿಲ್ಲುತ್ತದೆ, ಆದರೆ ಗಾಳಿ ಬಂದರೆ ತುದಿಗಳು ಓಡಿಹೋಗುತ್ತವೆ. ಅದಕ್ಕೆ ಓರೆಗೆರೆಗಳ ಒಂದೆರಡು ಸಾಲು ಸೇರಿಸಿದರೆ ಹಾಳೆ ತನ್ನಷ್ಟಕ್ಕೆ ಬಾಗಿ ಕುದುರೆ ಲಾಳದ ಆಕಾರಕ್ಕೆ ಬರುತ್ತದೆ. ಬಾಯಿ ತೆರೆದ ಕಡೆಯನ್ನು ಶೌಚಾಲಯದ ಹಿಂಗೋಡೆಗೆ ಒತ್ತಿದರೆ ಸುತ್ತಲೂ ಮರೆ. ಇದನ್ನು ಡ್ರಾಯಿಂಗ್ ಶೀಟಿನಲ್ಲಿ ಗೇಣುದ್ದಕ್ಕೆ ಮಾಡಿ ಗೆದ್ದೆ ಎಂದುಕೊಂಡೆ. ಗೆದ್ದಿರಲಿಲ್ಲ. ಕಾಗದಕ್ಕೆ ದಪ್ಪವಿಲ್ಲ, ಅದು ಹೇಳಿದ್ದನ್ನೆಲ್ಲ ಕೇಳುತ್ತದೆ. ಜಾಹೀರಾತು ಬೋರ್ಡಿಗೆ ಬಳಸುವ ಟೊಳ್ಳು ಪ್ಲಾಸ್ಟಿಕ್ ಹಾಳೆ ತಂದು ಅದೇ ಗೆರೆಯಲ್ಲಿ ಮಡಚಿದರೆ, ಒಳಗಿನ ಎಲುಬಿನಂಥ ಸಾಲಿನ ಉದ್ದಕ್ಕೆ ಬಾಗಿತು, ಅಡ್ಡಕ್ಕೆ ಲಟಕ್ಕೆಂದು ಮುರಿಯಿತು. ಫೋನು ಮಾಡಿದಾಗ ಉಪನ್ಯಾಸಕಿ ಹೇಳಿದರು: ಬೆಟ್ಟದ ಗೆರೆಯನ್ನು ಹಿಂದಿನಿಂದ ಸೀಳಿ, ಕಣಿವೆಯ ಗೆರೆಯನ್ನು ಮುಂದಿನಿಂದ ಸೀಳಿ, ಪೂರ್ತಿ ಸೀಳಬೇಡಿ, ನಡುವೆ ದಪ್ಪಕ್ಕೆ ತಕ್ಕಷ್ಟು ಸಂದು ಬಿಡಿ, ಬಟ್ಟೆಯ ಟೇಪು ಹಚ್ಚಿ. ಸಂದು ಕಿರಿದಾದರೆ ಮಡಚಿದಾಗ ಉಬ್ಬುತ್ತದೆ, ಹಿರಿದಾದರೆ ನಿಂತಾಗ ಜೋಲುತ್ತದೆ. ಎಷ್ಟು ಹಾಳೆ ಕೆಡಿಸಿದೆನೋ. ಮನೆಯ ಹಜಾರದ ತುಂಬ ಪ್ಲಾಸ್ಟಿಕ್ ಸಿಪ್ಪೆ.

ಅಂತೂ ಒಂದು ನಿಂತಿತು. ಅಕ್ಕನ ಹಿತ್ತಲಿಗೆ ಒಯ್ದೆ. ಬೆಟ್ಟ ಕಣಿವೆ ಎಂದು ವಿವರಿಸಲು ಹೋದರೆ ಅವಳು, "ಬದು ಕಾಲ್ವೆ ಅನ್ನು, ಸಾಕು" ಎಂದಳು. ಎಳೆದು ನಿಲ್ಲಿಸಿ ಒಳಗೆ ಕೂತು ನೋಡಿದಳು. ಸಂಜೆಬಿಸಿಲು ಅವಳ ಬೆನ್ನ ಕಡೆಗಿತ್ತು. ನಾನು ತಂದದ್ದು ಬಿಳಿಯ ಹಾಳೆ.

ಕೊಟ್ಟಿಗೆಯಿಂದ ಭಾವ ಕೂಗಿದ: "ಏನೇ ಇದು, ತೊಗಲುಗೊಂಬೆ ಆಟ ಆಡಿಸ್ತಿದ್ದೀರಾ ಅಕ್ಕತಂಗೀರು? ಮೂಗ್ನತ್ತು ಸೈತ ಕಾಣ್ತದೆ!"

ಅಕ್ಕ ಧಡಕ್ಕನೆ ಎದ್ದಳು. ನನಗೆ ಅಳು ಬಂತು. ಅವಳು ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕು, "ಸದ್ಯ, ನಿಮ್ಮ ಭಾವನ ಮುಂದೆ ಆಯ್ತು. ಸಂತೇಲಾಗಿದ್ರೆ ಟೀ ಅಂಗ್ಡಿಯೋನು ಟಿಕೀಟು ಇಡೋನು" ಎಂದಳು. ಮತ್ತೆ ಹಾಸನಕ್ಕೆ ಹೋಗಿ ಬೆಳಕು ತೂರದ ಕಡುನೀಲಿ ಹಾಳೆ ತಂದು ಎಲ್ಲವನ್ನೂ ಮೊದಲಿನಿಂದ ಕೊಯ್ದೆ.

ಆ ನೀಲಿ ಕಟ್ಟನ್ನು ಅವಳು ಮೊದಲ ಸಲ ಬಸ್ಸಿಗೆ ಹತ್ತಿಸಿದಾಗ ಕಂಡಕ್ಟರು, "ಇದೇನಮ್ಮ, ಬೀರು ಬಾಗ್ಲಾ?" ಎಂದನಂತೆ.

"ನಮ್ಮನೆ ಬಚ್ಲು ಕಣಪ್ಪ. ಇದ್ಕೂ ಆಧಾರ್ ಕಾರ್ಡ್ ತೋರಿಸ್ಬೇಕಾ?"

ಅವತ್ತು ಅವಳು ಸಂತೆಯ ಮಧ್ಯೆ ಬಾಟಲಿ ಎತ್ತಿ ಎಲ್ಲರೂ ನೋಡುವ ಹಾಗೆ ಗಟಗಟ ಕುಡಿದಳು. ಆಮೇಲೆ ಎದ್ದು ಹೋಗಿ, ಎಳೆದು, ನಿಲ್ಲಿಸಿ, ಬಂದಳು. ನನಗೆ ಫೋನು ಮಾಡಿ ಹೇಳಿದ್ದು ಇಷ್ಟೇ: "ಓಗ್ ಬಂದೆ ಕಣಮ್ಮಿ." ಅದನ್ನು ಕೇಳಿ ನಾನು ಸ್ಟಾಫ್ ರೂಮಿನಲ್ಲಿ ಕಣ್ಣೊರೆಸಿಕೊಂಡೆ. ಒಬ್ಬ ಹೆಂಗಸು ಹೋಗಿ ಬಂದಳು ಎಂಬುದು ಕಣ್ಣೀರು ತರಿಸುವ ಸುದ್ದಿಯಾಗಬೇಕಾದ ನಾಡು ಇದು.

ಅಕ್ಕನ ಮರೆ ಸಾಲಿನವರದೆಲ್ಲ ಆಯಿತು. ಒಬ್ಬಳಾದ ಮೇಲೆ ಒಬ್ಬಳು ಒಯ್ಯುವರು, ತಂದಿಡುವರು. ಎಲ್ಲರೂ ನನಗೊಂದು ನನಗೊಂದು ಎಂದರು. ನನ್ನ ಕೈಯೊಂದರಲ್ಲಿ ಆಗುವ ಕೆಲಸವಲ್ಲ. ಆಗ ಬಂದವರು ಕೊಬ್ಬರಿ ಮಂಡಿಯ ಯಜಮಾನರು. ಆ ಸುತ್ತಿನಲ್ಲಿ ಕೈಯಲ್ಲಿ ದುಡ್ಡು ಓಡಾಡುವ ಕುಳ. ಮುಂದಿನ ಚುನಾವಣೆಗೆ ನಿಲ್ಲುವ ಆಸೆ ಅವರಿಗಿದೆಯೆಂದು ಊರಿಗೆಲ್ಲ ಗೊತ್ತಿತ್ತು. "ನಮ್ಮ ತಾಯಂದಿರಿಗೆ ನಾನ್ ಮಾಡಿಸ್ಕೊಡ್ತೀನಿ. ಚನ್ನರಾಯಪಟ್ಟಣದಲ್ಲಿ ನಮ್ ಕಡೆಯೋನು ಬೋರ್ಡ್ ಅಂಗಡಿ ಮಡಗವ್ನೆ. ಸ್ಯಾಂಪಲ್ ಕೊಡಿ, ಮುಂದಿನ ಸಂತೆಗೆ ರೆಡಿ" ಎಂದರು. ನಾನು ಮನಸ್ಸಿನಲ್ಲೇ ಅವರಿಗೆ ಕೈ ಮುಗಿದೆ. ಗೆರೆಗಳ ನಕಾಶೆ ಬರೆದುಕೊಟ್ಟೆ, ಯಾವುದನ್ನು ಮುಂದಿನಿಂದ ಯಾವುದನ್ನು ಹಿಂದಿನಿಂದ ಸೀಳಬೇಕೆಂದು ಕೆಂಪು ನೀಲಿ ಶಾಯಿಯಲ್ಲಿ ತೋರಿಸಿದೆ. ಅಕ್ಕ ತನ್ನ ಮರೆಯನ್ನೇ ಮಾದರಿಗೆಂದು ಕೊಡುವಾಗ ಸ್ವಲ್ಪ ಹಿಂದುಮುಂದು ನೋಡಿದಳು. "ಒಂದ್ ವಾರ ತಾನೆ ಅಕ್ಕ" ಎಂದೆ. ಕೊಟ್ಟಳು.

ಮುಂದಿನ ಸಂತೆಯ ದಿನ ನಾನು ರಜೆ ಹಾಕಿ ಹೊಳೆನರಸೀಪುರದಿಂದ ಬೆಳಗ್ಗೆಯೇ ಬಸ್ಸು ಹತ್ತಿದೆ. ಸಂತೆಮಾಳದಲ್ಲಿ ಶಾಮಿಯಾನ, ಮೈಕು, ಹಾರ, ಪ್ಲಾಸ್ಟಿಕ್ ಕುರ್ಚಿ. ವೇದಿಕೆಯ ಮೇಲೆ, ಹಿಂಬದಿಗೆ, ಸಾಲಾಗಿ ನಮ್ಮ ಮರೆಗಳು. ಒಂದೊಂದರ ಮೇಲೂ ಯಜಮಾನರ ಮುಖ, ಮುಗಿದ ಕೈ, ಸೋಪು ಹಾಕಿ ತೊಳೆದಂಥ ನಗು. ತಲೆಯ ಮೇಲೆ ಮೂಲೆಯಲ್ಲಿ ಒಂದು ಪುಟ್ಟ ಈಶ್ವರನ ಚಿತ್ರ. ಕೆಳಗೆ ದಪ್ಪಕ್ಷರದಲ್ಲಿ, ತಾಯಂದಿರ ಮಾನ ನಮ್ಮ ಮಾನ.

ಹತ್ತಿರ ಹೋಗಿ ಮುಟ್ಟಿ ನೋಡಿದೆ. ಮರೆಯ ಈ ತುದಿಯಿಂದ ಆ ತುದಿಗೆ ಒಂದೇ ಫ್ಲೆಕ್ಸನ್ನು ಗೋಂದು ಹಾಕಿ ಬಿಗಿಯಾಗಿ ಅಂಟಿಸಿದ್ದರು. ಮಡಿಕೆಗಳ ಮೇಲೆಯೇ. ಹಿಂದೆ ಮರದ ಪಟ್ಟಿ ಕೊಟ್ಟು ನೆಟ್ಟಗೆ ನಿಲ್ಲಿಸಿದ್ದರು. ಎರಡು ತುದಿ ಹಿಡಿದು ತಳ್ಳಿದೆ. ಕದಲಲಿಲ್ಲ. ಬಾಗುವ ಗೆರೆಯೊಂದೂ ಬದುಕಿರಲಿಲ್ಲ. ಅಕ್ಕನ ನೀಲಿಯ ಮರೆಯೂ ಸಾಲಿನಲ್ಲಿತ್ತು. ಅದರ ಮೇಲೂ ಅದೇ ನಗು.

ಬೋರ್ಡ್ ಅಂಗಡಿಯವನಿಗೆ ಫೋನು ಮಾಡಿದೆ.

"ನಾನು ಅಷ್ಟೊಂದು ಬರೆದು ಕೊಟ್ಟಿದ್ದೆನಲ್ಲಪ್ಪ, ಸೀಳಲಿಲ್ವಾ?"

"ಸೀಳಿದ್ವಿ ಮೇಡಂ. ನೀವ್ ಏಳ್ದಂಗೇ ಎಲ್ಲಾ ಮಾಡಿದ್ವಿ. ಸಕತ್ತಾಗ್ ಮಡಚ್ತಿತ್ತು."

"ಮತ್ತೆ?"

"ಫೋಟೋ ಅಂಟಿಸ್ಬೇಕಾದ್ರೆ ನೋಡಿದ್ರೆ ಮೇಡಂ, ಗೆರೆ ಸರಿಯಾಗಿ ಸಾಹೇಬ್ರ ಮೂಗಿನ ಮೇಲೆ ಬತ್ತದೆ. ಮಡಚಿದ್ರೆ ಮುಖ ಮುರೀತದೆ. ಒಳ್ಳೆ ಕಾರ್ಯ ಮಾಡೋವಾಗ ಸಾಹೇಬ್ರ ಮುಖ ಮುರಿಬಾರ್ದು, ಅಪಶಕುನ ಅಂತ ಅವ್ರ ಕಡೆ ಹುಡುಗ್ರು ಅಂದ್ರು. ಅದಕ್ಕೆ ಒಂದೇ ಶೀಟ್ ಎಳ್ದು ಗಟ್ಟಿ ಮಾಡ್ಬುಟ್ವಿ. ಇನ್ನ ಹತ್ ವರ್ಷ ಏನೂ ಆಗಲ್ಲ ಮೇಡಂ!"

ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಇವರು ಆ ಅಪ್ಪನನ್ನೂ ಮೂಲೆಗೆ ಒತ್ತಿ ತಮ್ಮ ಯಜಮಾನನನ್ನು ಮಾಡಿದ್ದರು. ಹೆಂಗಸಿನ ಕಿಡ್ನಿ ಕೆಟ್ಟರೆ ಅಪಶಕುನವಲ್ಲ, ಫೋಟೋದ ಮೂಗು ಮಡಚಿದರೆ ಅಪಶಕುನ. ಆ ಅಂಗಡಿಯವನು ಕೆಟ್ಟವನಲ್ಲ, ಅವನ ದನಿಯಲ್ಲಿ ಹೊಗಳಿಕೆಯ ನಿರೀಕ್ಷೆಯಿತ್ತು. ಅದೇ ನನ್ನನ್ನು ಇನ್ನಷ್ಟು ಉರಿಸಿತು. ಬೇಕೆಂದೇ ಕೆಡಿಸಿದವನನ್ನು ಬಯ್ಯಬಹುದು. ಭಕ್ತಿಯಿಂದ ಕೆಡಿಸಿದವನನ್ನು ಏನೆಂದು ಬಯ್ಯುವುದು?

ಅಕ್ಕನ ಬಳಿಗೆ ಓಡಿದೆ. ಅವಳು ಮಂಕರಿಯ ಹಿಂದೆ ಕಾಲು ಕಾಲಿಗೆ ಬಿಗಿದು ಕೂತಿದ್ದಳು. ಪಕ್ಕದಲ್ಲಿ ನೀರಿನ ಬಾಟಲಿ ಖಾಲಿಯಾಗಿತ್ತು. ಇವತ್ತು ಮರೆ ಬರುತ್ತದಲ್ಲ ಎಂದು ಡಾಕ್ಟರಮ್ಮ ಹೇಳಿದಂತೆ ಬೆಳಗ್ಗೆಯಿಂದ ಧೈರ್ಯವಾಗಿ ಕುಡಿದುಬಿಟ್ಟಿದ್ದಳು. ಅಡ್ಡ ಹಿಡಿಯಲು ಹಳೇ ಸೀರೆಯನ್ನೂ ಯಾರೂ ತಂದಿರಲಿಲ್ಲ.

"ಯಾವಾಗಮ್ಮಿ ಕೊಡದು?" ಎಂದಳು. ಹಣೆಯಲ್ಲಿ ಬೆವರು.

ವೇದಿಕೆಯ ಹತ್ತಿರ ನಿಂತಿದ್ದ, ಯಜಮಾನರ ಕಡೆಯ ಬಿಳಿ ಶರ್ಟಿನ ಮುಂದಾಳನ್ನು ಕೇಳಿದೆ. "ಒಂದನ್ನ ಈಗಲೇ ಕೊಡಿ. ಅವಳಿಗೆ ಹುಷಾರಿಲ್ಲ."

"ಸಾಹೇಬ್ರು ಹಾಸನ ಬುಟ್ಟವ್ರೆ ಮೇಡಂ. ದುದ್ದದಲ್ಲೊಂದು ಮದುವೆ ಮುಗಿಸ್ಕಂಡು ಬತ್ತಾರೆ. ಅವರು ಟೇಪ್ ಕಟ್ ಮಾಡೋವರ್ಗೂ ಮುಟ್ಟಂಗಿಲ್ಲ. ಒಸಿ ತಡ್ಕಳಕ್ಕೇಳಿ."

ಒಸಿ ತಡ್ಕಳಿ. ಈ ಮಾತನ್ನು ನಾನು ನಮ್ಮವ್ವನ ಕಾಲದಿಂದ ಕೇಳುತ್ತಿದ್ದೇನೆ. ಕತ್ತಲಾಗುವವರೆಗೆ ತಡ್ಕಳಿ, ಬಸ್ಸು ನಿಲ್ಲುವವರೆಗೆ ತಡ್ಕಳಿ, ಶಾಲೆ ಬಿಡುವವರೆಗೆ ತಡ್ಕಳಿ. ನನ್ನ ಶಾಲೆಯ ಹುಡುಗಿಯರೂ ತಡೆದುಕೊಳ್ಳುತ್ತಾರೆ. ತಡೆದುಕೊಳ್ಳುವುದನ್ನು ಒಂದು ವಿದ್ಯೆಯ ಹಾಗೆ ಹೆಣ್ಣುಮಕ್ಕಳಿಗೆ ಕಲಿಸಿ, ಆಮೇಲೆ ಭೂಮಿತಾಯಿಯ ಸಹನೆ ಎಂದು ಅದಕ್ಕೆ ಹಾರ ಹಾಕುತ್ತಾರೆ. ನಾನು ಬಾಯಿಗೆ ಬಂದಂತೆ ಅಂದೆ. ಏನಂದೆನೋ ಪೂರ್ತಿ ನೆನಪಿಲ್ಲ. ಟೀಚರ್ ಆಡುವ ಮಾತಲ್ಲ ಅದು ಎಂದು ಆಮೇಲೆ ಕೆಲವರು ಹೇಳಿದರು. ಮುಂದಾಳು ಮಾತ್ರ, "ಮೇಡಂ, ಕಾರ್ಯಕ್ರಮ ಕೆಡಿಸ್ಬ್ಯಾಡಿ" ಎಂದು ಮೈಕಿನ ಸದ್ದು ಹೆಚ್ಚು ಮಾಡಿಸಿದ.

ನಾನು ತಿರುಗುವಷ್ಟರಲ್ಲಿ ಅಕ್ಕ ಎದ್ದಿದ್ದಳು. ಕೈಯಲ್ಲಿ ಕುಂಬಳಕಾಯಿ ಹೋಳು ಮಾಡುವ ಚಾಕು. ಒಂದು ಕೈ ಸೊಂಟದ ಮೇಲೆ, ಸಣ್ಣ ಸಣ್ಣ ಹೆಜ್ಜೆ. ಕುರ್ಚಿಗಳ ನಡುವೆ ಹಾದು ವೇದಿಕೆ ಹತ್ತಿದಳು. ಮೈಕಿನವನು ಹಾಡು ನಿಲ್ಲಿಸಿಬಿಟ್ಟ.

ಅವಳು ತನ್ನ ಮರೆಯನ್ನು ಹೇಗೆ ಗುರುತು ಹಿಡಿದಳೋ, ನೆಟ್ಟಗೆ ಅದರ ಮುಂದೆಯೇ ಹೋಗಿ ನಿಂತಳು. ಮೊದಲು ಮೂಲೆಯ ಈಶ್ವರನ ಸುತ್ತ ಚಾಕು ಆಡಿಸಿ ಬಿಡಿಸಿಕೊಂಡು, ಕಣ್ಣಿಗೊತ್ತಿ, "ನೀನ್ ಈಚೆಗೆ ಬಾರಪ್ಪ, ನಿಂಗ್ಯಾಕೆ ಈ ಸಾವಾಸ" ಎಂದು ನನ್ನ ಕೈಗೆ ಕೊಟ್ಟಳು. ನಾನು ಯಾವಾಗ ವೇದಿಕೆ ಹತ್ತಿದ್ದೆನೋ ನನಗೇ ತಿಳಿಯದು. ಆಮೇಲೆ ಹೆಬ್ಬೆರಳನ್ನು ಫ್ಲೆಕ್ಸಿನ ಮೇಲೆ ಒತ್ತಿ ಒತ್ತಿ ಸರಿಸಿದಳು. ಕೆಳಗಿನ ಸಂದು ಬೆರಳಿಗೆ ಸಿಕ್ಕಿದ ಕಡೆ ಚಾಕು ಇಟ್ಟು ಎಳೆದಳು. ಸರ್ರೆಂದು ಯಜಮಾನರ ಹಣೆಯಿಂದ ಗಲ್ಲದವರೆಗೆ.

"ಏಯ್! ಏಯ್! ಯಾರಮ್ಮ ನೀನು!" ಮುಂದಾಳು ಓಡಿಬಂದ.

"ಯಾರಾ? ಇದ್ರ ಒಡ್ತಿ ಕಣ್ಲಾ. ಮುಟ್ಟು ನೋಡ್ವಾ!" ಅಕ್ಕ ತಿರುಗಲಿಲ್ಲ. ಓರೆಗೆರೆಯ ಮೇಲೆ ಚಾಕು ಕಿವಿಯ ಕಡೆಗೆ ಹೊರಟಿತ್ತು.

ಕೆಳಗೆ ತರಕಾರಿ ಸಾಲಿನ ಹೆಂಗಸರು ಎದ್ದು ನಿಂತಿದ್ದರು. ಯಾರೋ ಕೂಗಿದರು, "ಮೀಸೆ ಜ್ವಾಪಾನ ಕಣಕ್ಕ!" ಸಂತೆಯೇ ನಕ್ಕಿತು. ಮುಂದಾಳಿಗೆ ನಗುವ ಜನರ ಎದುರು ಹೆಂಗಸಿನ ಕೈಯಿಂದ ಚಾಕು ಕಿತ್ತುಕೊಳ್ಳುವ ಧೈರ್ಯ ಬರಲಿಲ್ಲ. ನಾನು ಹಿಂದಿನ ಮರದ ಪಟ್ಟಿಯನ್ನು ಕಾಲಿಟ್ಟು ಕಿತ್ತೆ. ಅಕ್ಕ ಎರಡು ತುದಿ ಹಿಡಿದು ತಳ್ಳಿದಳು. ಮೊದಲು ಗೋಂದು ಗರಗರ ಎಂದಿತು. ಆಮೇಲೆ ಒಂದು ಗೆರೆ ಎದ್ದಿತು, ಒಂದು ಇಳಿಯಿತು, ಕಿವಿ ಮೂಗಿನ ಪಕ್ಕಕ್ಕೆ ಬಂತು, ಮುಗಿದ ಕೈ ಗಲ್ಲದೊಳಗೆ ಹೋಯಿತು, ಇಡೀ ಯಜಮಾನರು ಒಂದು ಕಟ್ಟಾಗಿ ಅಕ್ಕನ ಕಂಕುಳಿಗೆ ಸೇರಿದರು. ಮೋರಿಯ ಕಡೆಗೆ ಅವಳು ಹೋದದ್ದು ನಡಿಗೆಯೂ ಅಲ್ಲ ಓಟವೂ ಅಲ್ಲ. ನಾನು ಟೀ ಅಂಗಡಿಯ ಬೆಂಚಿನ ಮುಂದೆ ಹೋಗಿ ನಿಂತೆ. ಅಲ್ಲಿ ಕೂತಿದ್ದವರು ಆ ಹೊತ್ತಿನಲ್ಲಿ ನನ್ನ ಮುಖ ಬಿಟ್ಟು ಬೇರೆ ಕಡೆ ನೋಡಲಿಲ್ಲ.

ಅವಳು ಹಿಂದಿರುಗಿ ಕೈ ತೊಳೆದು, ಪಕ್ಕದವಳ ಬಾಟಲಿ ಇಸಕೊಂಡು ನೀರು ಕುಡಿದು, ತನ್ನ ಜಾಗದಲ್ಲಿ ಕೂತು ಬದನೆಕಾಯಿ ತೂಗುತ್ತಿದ್ದಾಗ ಯಜಮಾನರ ಕಾರು ಬಂತು. ಸಾಲಿನ ನಡುವೆ ಒಂದು ಮುಖ ಇಲ್ಲದ್ದನ್ನು ಅವರು ಕಂಡರು. ಮುಂದಾಳು ಕಿವಿಯಲ್ಲಿ ಏನೋ ಹೇಳಿದ. ಅವರು ಕೋಪಿಸಿಕೊಳ್ಳಲಿಲ್ಲ, ಅಂಥವರು ಜನರೆದುರು ಕೋಪಿಸಿಕೊಳ್ಳುವುದಿಲ್ಲ. ನಗುನಗುತ್ತ ಅಕ್ಕನ ಬಳಿಗೇ ಬಂದರು. ಹಿಂದೆ ಫೋಟೋದವರು.

"ಏನ್ ತಾಯಿ, ಅರ್ಜೆಂಟಾಗಿತ್ತಂತೆ. ಇರಲಿ, ಇರಲಿ. ನಿಮಗೋಸ್ಕರಾನೇ ಮಾಡ್ಸಿರೋದು. ಒಂದ್ ಫೋಟೋಗೆ ಮಾತ್ರ ಅದನ್ನ ತಂದ್ ನಿಲ್ಸಿ, ಆಮೇಲೆ ತಕೊಂಡೋಗಿ."

ಅಕ್ಕ ತಕ್ಕಡಿ ಕೆಳಗಿಟ್ಟಳು. ತಲೆಯೆತ್ತಿ ನೋಡಿದಳು.

"ತರಾನ ಕಣಣ್ಣ, ಅದ್ಕೇನಂತೆ. ಕೆಳಗ್ಲು ಕಡೆ ಒಸಿ ನೆಂದದೆ, ಇಡ್ಕತೀರಾ?"

ಅವರು ಟೇಪ್ ಕತ್ತರಿಸಿ ಹೋದ ಮೇಲೆ, ಉಳಿದ ಮರೆಗಳನ್ನು ಆ ಸಂಜೆ ನಾವೇ ಕೂತು ಕೊಯ್ದೆವು. ದೇವರುಗಳನ್ನೆಲ್ಲ ಒಟ್ಟು ಮಾಡಿ ಅಕ್ಕ ಹೇಮಾವತಿಗೆ ಬಿಡಲು ನನ್ನ ಕೈಗೆ ಕಟ್ಟಿಕೊಟ್ಟಳು. ಶೌಚಾಲಯದ ಬೀಗ ಇವತ್ತಿಗೂ ಹಾಗೇ ಇದೆ. ನಾನು ಎಷ್ಟು ಅರ್ಜಿ ಬರೆದರೂ ನೀರಿನ ಕನೆಕ್ಷನ್ ಇನ್ನೂ ಬರುತ್ತಲೇ ಇದೆ. ಮರೆ ಇದೆಯಲ್ಲ ಎಂದು ಈಗ ಅವರಿಗೊಂದು ನೆಪವನ್ನೂ ನಾನೇ ಕೊಟ್ಟಹಾಗಾಯಿತೇನೋ ಎಂದು ಯೋಚಿಸಿದರೆ ಮತ್ತೆ ಮೈ ಉರಿಯುತ್ತದೆ. ಅಕ್ಕ ಮಾತ್ರ ಸಂತೆ ಬಿಟ್ಟಿಲ್ಲ. ಮೊನ್ನೆ ಹೋದಾಗ ಕಿರುಚಿ ಕಿರುಚಿ ಹುರುಳಿಕಾಯಿ ಮಾರುತ್ತಿದ್ದಳು, ಪಕ್ಕದಲ್ಲಿ ಎರಡು ಬಾಟಲಿ ನೀರು, ಒಂದು ಆಗಲೇ ಖಾಲಿ.

"ಏನಕ್ಕ, ಎಲ್ಲಿ ನಿನ್ನ ಬಚ್ಚಲು?" ಎಂದೆ.

"ಎದುರು ಸಾಲಿನವ್ಳು ಒತ್ಕಂಡೋಗವ್ಳೆ. ಬತ್ತಾಳೆ ಕೂತ್ಕ" ಎಂದು, ಉಳಿದ ಬಾಟಲಿಯನ್ನು ನನ್ನ ಕಡೆ ಚಾಚಿದಳು. "ತಕ, ಕುಡಿ. ಬಿಸ್ಲಲ್ಲಿ ಬಂದಿದ್ದೀಯ."